ಬೀರುವಿಗಾಗಿ ಹಗುರ ಮಾಡಿದ ಕ್ಲಚ್ಚು

ಹೋದ ವಾರ ವಿಜಾಪುರ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಪಕ್ಕಕ್ಕೆ ಒಂದು ಹಳೆಯ ಟೂ-ಸ್ಟ್ರೋಕ್ ಗಾಡಿ ಬಂದು ನಿಂತಿತು. ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ಮುದುಕರೊಬ್ಬರು ಅದರ ಮೇಲಿದ್ದರು. ಪೆಟ್ರೋಲಿನ ಜೊತೆ ಸುಟ್ಟ ಎಣ್ಣೆಯ ಆ ನೀಲಿ ಹೊಗೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡಗೈ ತಾನಾಗಿಯೇ ಬಿಗಿಯಿತು. ನಾನೀಗ ಓಡಿಸುವುದು ಕ್ಲಚ್ ಇಲ್ಲದ ಸ್ಕೂಟರು. ಎಡಗೈಯಲ್ಲಿ ಇರುವುದು ಹಿಂದಿನ ಬ್ರೇಕು. ಸಿಗ್ನಲ್ ಹಸಿರಾದರೂ ನನ್ನ ಬೆರಳು ಸಡಿಲವಾಗಲಿಲ್ಲ. ಹಿಂದಿದ್ದವರು ಹಾರ್ನ್ ಹೊಡೆದರು, ಮರಾಠಿಯಲ್ಲಿ ನಮ್ಮ ಮನೆತನವನ್ನೆಲ್ಲ ನೆನೆಸಿದರು, ಕಡೆಗೆ ಸುತ್ತಿಕೊಂಡು ಹೋದರು. ನಾನು ಮಾತ್ರ ಬೋರಾಮಣಿಯ ಮಾಳದಲ್ಲೇ ನಿಂತಿದ್ದೆ.

ಅದು ಮೂರು ವರ್ಷದ ಹಿಂದಿನ ಮಾತು. ಎಳ್ಳಮಾಸಿಗೆ, ಅಂದರೆ ಎಳ್ಳಮಾವಾಸ್ಯೆಗೆ, ಶುರುವಾಗಿ ಯುಗಾದಿಗೆ ಮೊದಲೇ ಮುಗಿದುಹೋದ ಮೂರು ತಿಂಗಳು.

ನಮ್ಮದು ಸೊಲ್ಲಾಪುರದಲ್ಲಿ ಬೇರಿಂಗು, ಬೆಲ್ಟು, ಪಂಪಿನ ಸಾಮಾನಿನ ಅಂಗಡಿ. ಅಜ್ಜ ಹಾಕಿದ್ದು. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಬಂದು ಅದೇ ಗಲ್ಲಾದ ಮೇಲೆ ಕೂತವನು. ಕಲಿತದ್ದು ಅಂಗಡಿಯಲ್ಲಿ ಎಲ್ಲೂ ಕೆಲಸಕ್ಕೆ ಬಾರದೆ ತುಕ್ಕು ಹಿಡಿಯುತ್ತಿದೆ ಎಂಬ ಕೊರಗು ಆಗ ನನಗಿತ್ತು. ಅದೇ ಕೊರಗಿನಲ್ಲಿ ಗುಜರಿ ಅಂಗಡಿಯಿಂದ ಒಂದು ಹಳೆಯ ಡರ್ಟ್ ಬೈಕು ತಂದೆ. ವಿದೇಶದ ಟೂ-ಸ್ಟ್ರೋಕ್ ಗಾಡಿ, ನನಗಿಂತ ವಯಸ್ಸಾದದ್ದು, ಮಣ್ಣಿನ ಪಂದ್ಯಕ್ಕೆಂದೇ ಮಾಡಿದ್ದು. ಎತ್ತರದ ಚೌಕಟ್ಟು, ಸಪೂರ ಟ್ಯಾಂಕು, ಹಲ್ಲುಹಲ್ಲಿನ ಟೈರು. ಖಾಜಾ ಮಿಸ್ತ್ರಿ ಮತ್ತು ನಾನು ನಮ್ಮ ಗೋದಾಮಿನಲ್ಲಿ ಒಂದು ಮಳೆಗಾಲ ಪೂರ್ತಿ ಕೂತು ಅದನ್ನು ಜೀವಂತ ಮಾಡಿದೆವು. ಖಾಜಾ ಮಿಸ್ತ್ರಿ ನಮ್ಮ ಅಂಗಡಿಗೆ ನಲವತ್ತು ವರ್ಷದಿಂದ ಬರುವ ಮೆಕ್ಯಾನಿಕ್ಕು. ನನ್ನ ತಂದೆಗಿಂತ ಹಿರಿಯರು.

ಗಾಡಿ ನನ್ನದಾದರೂ ಅದನ್ನು ಓಡಿಸಬಲ್ಲವನು ಬೀರು ಒಬ್ಬನೇ. ಬೀರಪ್ಪ ಅಕ್ಕಲಕೋಟ ತಾಲೂಕಿನ ಚಪಳಗಾಂವದವನು, ಕುರಿ ಸಾಕುವ ಮನೆಯವನು. ವಾರದಲ್ಲಿ ಮೂರು ದಿನ ನಮ್ಮ ಅಂಗಡಿಯ ಟೆಂಪೋ ನಡೆಸುತ್ತಿದ್ದ. ಉಳಿದ ದಿನ ಅಪ್ಪ ಮೈಲಾರಪ್ಪನವರ ಜೊತೆ ಕುರಿಯ ಹಿಂದೆ ಇರುತ್ತಿದ್ದ. ಕುರಿ ಕಾಯುವವನಿಗೆ ನೆಲ ಓದಲು ಬರುತ್ತದೆ. ಎಲ್ಲಿ ಕಲ್ಲು ಜಾರುತ್ತದೆ, ಎಲ್ಲಿ ಎರೆಮಣ್ಣಿನ ಬಿರುಕು ಟೈರು ನುಂಗುತ್ತದೆ ಎಂದು ಅವನು ದೂರದಿಂದಲೇ ಹೇಳುತ್ತಿದ್ದ. ಬೋರಾಮಣಿಯಿಂದಾಚೆ ಒಬ್ಬರ ಬೀಳು ಮಾಳದಲ್ಲಿ ಭಾನುವಾರ ನಾವು ನಾಲ್ಕೈದು ಜನ ಹಳೆಯ ಗಾಡಿ ತೆಗೆದುಕೊಂಡು ಸೇರುತ್ತಿದ್ದೆವು. ಅಲ್ಲಿ ಬೀರು ಓಡಿಸುವುದನ್ನು ನೋಡಿದ ಮೇಲೆ ಉಳಿದವರು ತಮ್ಮ ಗಾಡಿ ಒರೆಸುತ್ತ ಕೂರುವುದೇ ಹೆಚ್ಚು.

ಯುಗಾದಿ ಮುಗಿದ ಮೇಲೆ ಕೊಲ್ಲಾಪುರದ ಕಡೆ ಹಳೆಯ ಗಾಡಿಗಳದ್ದೇ ಒಂದು ಪಂದ್ಯವಿತ್ತು. ಹೋಗುವುದೆಂದು ನಿಶ್ಚಯಿಸಿದೆವು. ಅಡ್ಡಿ ಒಂದೇ, ಕ್ಲಚ್ಚು. ಆ ಕಾಲದ ಗಾಡಿಗಳ ಕ್ಲಚ್ ಸ್ಪ್ರಿಂಗು ಬಲು ಬಿಗಿ. ನಾಲ್ಕು ಬೆರಳು ಹಾಕಿ ಜಗ್ಗಬೇಕು. ಬೀರುವಿನ ಎಡಗೈ ಮೊದಲೇ ದಣಿದ ಕೈ. ಉಣ್ಣೆ ಕತ್ತರಿಸುವಾಗ ಒದೆಯುವ ಕುರಿಯನ್ನು ಒತ್ತಿ ಹಿಡಿಯುವುದು ಅದೇ ಕೈ. ಎಳ್ಳಮಾಸಿಯ ದಿನ ಅವರ ಹೊಲದಲ್ಲಿ ಬನ್ನಿಮರದ ಕೆಳಗೆ ಉಣ್ಣಲು ಕೂತಾಗ ಅವನು ಸಜ್ಜೆ ರೊಟ್ಟಿ ಮುರಿಯಲು ಹೋಗಿ ಕೈ ಝಾಡಿಸಿದ.

"ಅಣ್ಣಾ, ಅದು ಕ್ಲಚ್ ಅಲ್ಲ, ಬಾವ್ಯಾಗಿನ ಹಗ್ಗ. ಎರಡು ಸುತ್ತು ಹೊಡಿಯೂದ್ರಾಗ ಬಟ್ಟು ನನ್ನವಲ್ಲ ಅನಸ್ತಾವ," ಎಂದ.

ಮೈಲಾರಪ್ಪ ಕಾಕಾ ನಕ್ಕು, ಎಂಜಿನಿಯರ್ ಸಾವಕಾರರು ಎದುರಿಗೇ ಕೂತಿದ್ದಾರೆ, ಅವರಿಗೆ ಹೇಳು ಎಂದರು. ಭಜ್ಜಿ ಬಡಿಸುತ್ತ ಹೇಳಿದ ಮಾತು. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಉಂಡದ್ದು ಏನೆಂದು ಇಂದು ಮಸುಕಾಗಿ ನೆನಪಿದೆ, ಆ ಮಾತು ಮಾತ್ರ ದನಿಯ ಸಮೇತ ನೆನಪಿದೆ.

ಖಾಜಾ ಮಿಸ್ತ್ರಿಯ ದಾರಿ ನಿಧಾನದ್ದು. ಕೇಬಲ್ ಕಳಚಿ ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿಟ್ಟರು. ಒಳಗಿನ ತಂತಿ ಒರೆಸಿ, ಮೇಲಿನ ಕವಚಕ್ಕೆ ಹನಿಹನಿಯಾಗಿ ಎಣ್ಣೆ ಇಳಿಸಿದರು. ಟ್ಯಾಂಕಿನ ಕೆಳಗೆ ಕೇಬಲ್ ಮೊಣಕೈಯಂತೆ ಮಡಚಿಕೊಂಡಿತ್ತು. ಅದನ್ನು ಬಿಡಿಸಿ ದೊಡ್ಡ ತಿರುವಿನಲ್ಲಿ ಒಯ್ದರು. ಹಿಡಿಕೆಯ ಲಿವರಿನ ಸವೆದ ಪಿನ್ನು ಬದಲಿಸಿದರು. ಇಷ್ಟಕ್ಕೆ ಹತ್ತು ದಿನ ಹಿಡಿಯಿತು. ನಾಲ್ಕು ಬೆರಳಿನ ಕ್ಲಚ್ಚು ಮೂರು ಬೆರಳಿಗೆ ಬಂತು.

"ಇಷ್ಟ ಸಾಕು," ಎಂದರು ಮಿಸ್ತ್ರಿ. "ಉಳದದ್ದು ಗಾಡಿದು. ಅದನ್ನ ಗಾಡೀಗೆ ಬಿಡ್ರಿ."

ನನಗೆ ಎರಡು ಬೆರಳಿನ ಕ್ಲಚ್ಚು ಬೇಕಿತ್ತು. ಅದಕ್ಕೆ ಸುಲಭದ ದಾರಿಯೂ ಇತ್ತು. ಕೇಬಲ್ಲಿನ ಕೆಳತುದಿ ಎಂಜಿನ್ನಿನ ಪಕ್ಕದ ಒಂದು ಸಣ್ಣ ಉಕ್ಕಿನ ಆರ್ಮಿಗೆ ಸಿಕ್ಕಿಕೊಂಡಿರುತ್ತದೆ. ಅದನ್ನು ಜಗ್ಗಿದರೆ ಒಳಗೊಂದು ಕಡ್ಡಿ ಮುಂದೆ ಸರಿದು ಕ್ಲಚ್ ಪ್ಲೇಟುಗಳನ್ನು ಬಿಡಿಸುತ್ತದೆ. ಆ ಆರ್ಮನ್ನು ಒಂದು ಬೆರಳಗಲ ಉದ್ದ ಮಾಡಿದರೆ ಜಗ್ಗುವ ಬಲ ತಾನಾಗಿ ಕಡಿಮೆ. ಬಾಗಿಲನ್ನು ಹಿಡಿಕೆಯ ಹತ್ತಿರ ತಳ್ಳಿದರೆ ಹಗುರ, ಕೀಲಿನ ಹತ್ತಿರ ತಳ್ಳಿದರೆ ಭಾರ, ಅಷ್ಟೇ ಲೆಕ್ಕ. ಆದರೆ ಹಗುರಾದಷ್ಟೇ ಒಳಗಿನ ಕಡ್ಡಿ ಸರಿಯುವ ದೂರವೂ ಕಡಿಮೆಯಾಗುತ್ತದೆ. ಕಡ್ಡಿ ಸಾಕಷ್ಟು ಸರಿಯದಿದ್ದರೆ ಪ್ಲೇಟುಗಳು ಪೂರ್ತಿ ಬಿಡುವುದಿಲ್ಲ. ಅದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಗೊತ್ತಿತ್ತು. ಬಿಲ್ ಪುಸ್ತಕದ ಹಿಂಬದಿಗೆ ಚಿತ್ರ ಬರೆದು ಮಿಸ್ತ್ರಿಗೆ ತೋರಿಸಿದೆ. ಕೇಬಲ್ಲಿನ ಸಡಿಲನ್ನೆಲ್ಲ ತೆಗೆದು ಬಿಗಿ ಮಾಡಿದರೆ ಕಳೆದುಹೋದ ದೂರ ಮರಳಿ ಸಿಗುತ್ತದೆ ಎಂದು ವಾದಿಸಿದೆ.

ಅವರು ಚಿತ್ರವನ್ನು ಕನ್ನಡಕ ಏರಿಸಿ ನೋಡಿದರು. "ಕಾಗದದ ಮ್ಯಾಲ ಗಾಡಿ ಕಾಯಂಗಿಲ್ಲ, ಸಾವಕಾರ," ಎಂದರು. ಕಾಯುವುದೆಂದರೆ ಬಿಸಿಯಾಗುವುದು. ನಾನು ಅದನ್ನು ಓದದವರ ಮಾತೆಂದು ತಿಳಿದೆ.

ಆರ್ಮನ್ನು ನಾನೇ ಕೊರೆಸಿ, ವೆಲ್ಡಿಂಗ್ ಮಾಡಿಸಿ, ಅರದಿಂದ ಉಜ್ಜಿ ನುಣುಪು ಮಾಡಿ ಕೂರಿಸಿದೆ. ಬೀರು ಬಂದು ಲಿವರ್ ಒತ್ತಿದ. ಎರಡೇ ಬೆರಳು. ಅವನ ಮುಖ ಅರಳಿದ್ದನ್ನು ಹೇಗೆ ಹೇಳಲಿ? ಸುಮ್ಮನೆ ಹತ್ತು ಸಲ ಒತ್ತಿದ, ಬಿಟ್ಟ, ಒತ್ತಿದ. "ಬೆಣ್ಣಿ ಆಗೇತಿ ಅಣ್ಣಾ," ಎಂದ. ನಾನು ಕಲಿತ ವಿದ್ಯೆ ಮೊದಲ ಸಲ ಒಬ್ಬ ಮನುಷ್ಯನ ಕೈಗೆ ಮುಟ್ಟಿತ್ತು. ಆ ವಾರವೆಲ್ಲ ನಾನು ಅಂಗಡಿಯಲ್ಲಿ ಗಿರಾಕಿಗಳ ಜೊತೆ ವಿನಾಕಾರಣ ನಗುತ್ತಿದ್ದೆ.

ಆಗ ಮಾಘ ಮುಗಿದು ಬಿಸಿಲು ಏರಿತ್ತು. ಬಿಳಿಜೋಳ ಕೊಯ್ದು ಹೊಲಗಳು ಖಾಲಿಯಾಗಿದ್ದವು. ಗೊಬ್ಬರಕ್ಕೆಂದು ರೈತರು ತಮ್ಮ ಹೊಲದಲ್ಲಿ ಕುರಿ ತರುಬಲು ಕರೆಯುವ ಕಾಲ ಅದು. ಮೈಲಾರಪ್ಪ ಕಾಕಾ ಅಂಥದೊಂದು ಕರೆಗೆ ಚಪಳಗಾಂವದಿಂದ ಕುರಿ ಹೊಡೆದುಕೊಂಡು ಬಂದು ನಮ್ಮ ಮಾಳದ ಮಗ್ಗುಲಿನ ಹೊಲದಲ್ಲೇ ಇಳಿದಿದ್ದರು. ಭಾನುವಾರ ಮುಂಜಾನೆ ಗಾಡಿ ಟೆಂಪೋದಿಂದ ಇಳಿಸಿದಾಗ ಅವರು ತಮ್ಮ ಸೊಂಟದ ಭಂಡಾರದ ಚೀಲ ಬಿಚ್ಚಿಕೊಂಡು ಬಂದರು. ಭಾನುವಾರ ಅವರ ಮನೆದೇವರು ಬೀರೋಬನ ವಾರ. ಅರಿಸಿನದ ಆ ಪುಡಿಯನ್ನು ಹುಟ್ಟಿದ ಮರಿಗೆ, ಉಣ್ಣೆ ಕತ್ತರಿಸುವ ಕತ್ತರಿಗೆ, ದೂರ ಹೊರಟ ಮನುಷ್ಯನಿಗೆ ಹಚ್ಚದೆ ಆ ಮನೆಯಲ್ಲಿ ಯಾವುದೂ ಶುರುವಾಗುವುದಿಲ್ಲ. ಕಾಕಾ ಟ್ಯಾಂಕಿಗೆ ಹಚ್ಚಿದರು, ಬೀರುವಿನ ಹಣೆಗೆ ಹಚ್ಚಿದರು. ಆಮೇಲೆ ಒಂದು ಹಿಡಿ ತುಂಬ ತೆಗೆದು ಹಿಡಿಕೆಯ ಮೇಲೆ ತೂರಿದರು. ಗಾಡಿ, ಬೀರು, ನನ್ನ ಬಿಳಿ ಅಂಗಿ ಎಲ್ಲ ಹಳದಿಯಾಯಿತು. ಎಣ್ಣೆ ಹಾಕಿ ಇನ್ನೂ ಹಸಿಯಾಗಿದ್ದ ಲಿವರು, ಕೇಬಲ್ಲಿನ ಬಾಯಿ ಕೂಡ.

ಅದಾದ ಮೇಲೆ ನಾನು ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಏರಿಸಿ, ಹಿಂದಿನ ಚಕ್ರ ಎತ್ತಿ, ಚಾಲೂ ಮಾಡಿ, ಗೇರಿಗೆ ಹಾಕಿ ಕ್ಲಚ್ ಹಿಡಿದೆ. ಚಕ್ರ ನಿಲ್ಲಬೇಕಿತ್ತು. ಅದು ಮೆಲ್ಲಗೆ ತಿರುಗುತ್ತಲೇ ಇತ್ತು. ಟೈರಿಗೆ ಕಾಲು ಒತ್ತಿದಾಗ ನಿಂತಿತು. ಬೀರು ನನ್ನ ಮುಖ ನೋಡಿದ. ಗಾಡಿ ತಣ್ಣಗಿದೆ, ಒಳಗಿನ ಎಣ್ಣೆಯ ಅಂಟಿಗೆ ಹೀಗಾಗುತ್ತದೆ, ಬಿಸಿಯಾದರೆ ಸರಿಹೋಗುತ್ತದೆ ಎಂದೆ. ಆ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಹೇಳಿದೆ.

ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹಲ್ಲುಜ್ಜುವಾಗ ಕಾಣುತ್ತದೆ, ಗಿರಾಕಿ ಬೇರಿಂಗಿನ ನಂಬರು ಹೇಳುತ್ತಿರುವಾಗ ಕಾಣುತ್ತದೆ. ಬಿಸಿಲಲ್ಲಿ ಅರ್ಧ ತಾಸು ಓಡಿಸಿ ಬೀರು ಮರಳಿ ಬರುತ್ತಿದ್ದಾನೆ. ನಾವು ಟೆಂಪೋದ ನೆರಳಲ್ಲಿ ಕೂತಿದ್ದೇವೆ. ಕಾಕಾ ಕಲ್ಲಿನ ಒಡ್ಡಿನ ಗುಂಟ ಮಜ್ಜಿಗೆಯ ಕೊಡ ಎರಡೂ ಕೈಯಲ್ಲಿ ಹಿಡಿದು ನಮ್ಮ ಕಡೆ ಬರುತ್ತಿದ್ದಾರೆ. ಬೀರು ಅಪ್ಪನನ್ನು ಕಂಡು, ಹತ್ತು ಹೆಜ್ಜೆ ಈಚೆಗೆ ವೇಗ ಇಳಿಸಿ, ಕ್ಲಚ್ ಹಿಡಿದ. ಗಾಡಿ ನಿಲ್ಲಲಿಲ್ಲ, ತೆವಳಿತು. ಬ್ರೇಕ್ ಒತ್ತಿದ. ಎಂಜಿನ್ನು ಸಾಯುವ ಸದ್ದು ಮಾಡಿತು. ಸಾಯಬಾರದೆಂದು ರೂಢಿಯಂತೆ ಒಂದಿಷ್ಟು ಎಕ್ಸಿಲೇಟರ್ ಕೊಟ್ಟ. ಕ್ಲಚ್ ಹಿಡಿದಿರುವಾಗ ಎಷ್ಟು ಕೊಟ್ಟರೂ ಗಾಡಿ ಅಲುಗಬಾರದು. ಅದು ಹಾರಿತು.

ಲಿವರು ಹಿಡಿಕೆಗೆ ತಾಗಿದ್ದನ್ನು ನಾನು ಕಣ್ಣಾರೆ ಕಂಡೆ. ಅವನ ಎರಡು ಬೆರಳು ಅದನ್ನು ಪೂರ್ತಿ ಒತ್ತಿದ್ದವು. ಎದುರಿಗೆ ಕಾಕಾ ನಿಂತುಬಿಟ್ಟಿದ್ದರು, ಕೊಡ ಕೆಳಗಿಡಬೇಕೋ ಓಡಬೇಕೋ ತಿಳಿಯದೆ. ಬೀರು ಮೈಯೆಲ್ಲ ಎಡಕ್ಕೆ ಎಳೆದ. ಗಾಡಿ ಕಾಕಾನ ಧೋತರದ ಅಂಚು ಸವರಿಕೊಂಡು ಹೋಗಿ ಒಡ್ಡಿಗೆ ಬಡಿಯಿತು. ಕಲ್ಲಿಗೂ ಲಿವರಿಗೂ ನಡುವೆ ಅವನ ಎಡಗೈ. ಬಿದ್ದ ಗಾಡಿಯ ಚಕ್ರ ಇನ್ನೂ ತಿರುಗುತ್ತಿತ್ತು. ನಾನು ಓಡಿ ಪ್ಲಗ್ಗಿನ ವಾಯರು ಕಿತ್ತೆ. ಆಮೇಲೆ ಬಂದ ನಿಶ್ಶಬ್ದದಲ್ಲಿ ಕುರಿಗಳೆಲ್ಲ ಒಮ್ಮೆಲೇ ಕೂಗಿದವು.

ಟೆಂಪೋದಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡು ಬೀರು ಹೇಳಿದ್ದು ಇಷ್ಟೇ: "ಪೂರಾ ಹಿಡದಿದ್ನಿ ಅಣ್ಣಾ. ಬಿಡ್ಲೇ ಇಲ್ಲ ಅದು."

ಸೊಲ್ಲಾಪುರದ ದವಾಖಾನೆಯಲ್ಲಿ ಅವನ ಎರಡು ಬೆರಳು ತೆಗೆದರು. ಉಳಿದವು ಇದ್ದೂ ಮಡಚುವುದಿಲ್ಲ. ಹೊರಗಿನ ಬೆಂಚಿನ ಮೇಲೆ ನಾನು, ನನ್ನ ತಂದೆ, ಮೈಲಾರಪ್ಪ ಕಾಕಾ ಕೂತಿದ್ದೆವು. ಅಷ್ಟು ಹೊತ್ತಿಗೆ ನನಗೆ ಎಲ್ಲ ತಿಳಿದಿತ್ತು. ಎಂಜಿನ್ನಿನ ಕವಚ ಅಲ್ಯೂಮಿನಿಯಂ, ಒಳಗಿನ ಕಡ್ಡಿ ಉಕ್ಕು. ಬಿಸಿಗೆ ಅಲ್ಯೂಮಿನಿಯಂ ಹೆಚ್ಚು ಹಿಗ್ಗುತ್ತದೆ, ಉಕ್ಕು ಕಡಿಮೆ. ಗಾಡಿ ಕಾದಂತೆ ಕಡ್ಡಿ ತಲುಪಬೇಕಾದ ಜಾಗ ದೂರ ಸರಿಯುತ್ತದೆ. ನಾನು ಉಳಿಸಿದ್ದ ಕೂದಲೆಳೆಯಷ್ಟು ಅಂತರ ಅಲ್ಲೇ ಕರಗಿಹೋಗಿತ್ತು. ಎರಡನೇ ವರ್ಷದ ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾಗಿದ್ದೆ.

ಕಾಕಾ ತಮ್ಮ ಹಳದಿ ಅಂಗೈ ನೋಡಿಕೊಳ್ಳುತ್ತಿದ್ದವರು ನನ್ನ ಕಡೆ ತಿರುಗಿದರು.

"ಸಾವಕಾರ, ಮುಂಜಾನಿ ನಾ ಭಂಡಾರ ಹಾಕಿದ್ನೆಲ್ಲ, ಅದು ಆ ವಾಯರದಾಗ ಹೋಗಿ ಕುಂತು ಹಿಂಗಾತೇನ್ರಿ?"

ಪುಡಿ ಸಿಕ್ಕಿಕೊಂಡು ಕೇಬಲ್ ಹಿಡಿದಿದ್ದರೆ ಲಿವರು ಹಿಡಿಕೆಯವರೆಗೆ ಬರುತ್ತಲೇ ಇರಲಿಲ್ಲ. ಅದು ಬಂದದ್ದನ್ನು ನಾನು ನೋಡಿದ್ದೆ. ಆದರೆ ಪಕ್ಕದಲ್ಲಿ ನನ್ನ ತಂದೆ ಇದ್ದರು. ಬಾಗಿಲಲ್ಲಿ ಪೊಲೀಸರವನೊಬ್ಬ ಕಾಗದ ಹಿಡಿದು ನಿಂತಿದ್ದ.

"ಹಂಗೂ ಆಗತೈತಿ, ಕಾಕಾ," ಎಂದೆ.

ಅವರು ತಲೆಯಾಡಿಸಿದರು. ಎದ್ದು ಹೋಗಿ ನಳದ ಕೆಳಗೆ ಬಹಳ ಹೊತ್ತು ಕೈ ತೊಳೆದುಕೊಂಡರು.

ಗಾಡಿ ಗೋದಾಮಿಗೆ ಬಂತು. ಖಾಜಾ ಮಿಸ್ತ್ರಿ ಬಂದು ಬಗ್ಗಿ ಆರ್ಮನ್ನು ನೋಡಿದರು, ಬೆರಳಿಂದ ಒಮ್ಮೆ ಅಲುಗಿಸಿದರು. ಮೈಲಾರಪ್ಪನವರಿಗೆ ಹೇಳಿದಿರೇನು ಎಂದಷ್ಟೇ ಕೇಳಿದರು. ಹೇಳಬೇಕು ಎಂದೆ. ಮತ್ತೆ ಅವರು ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಶ್ರಾವಣದಲ್ಲಿ ಬೀರು ಅಂಗಡಿಗೆ ಬಂದ. ಒಂದೇ ಕೈಯಿಂದ ಟೆಂಪೋ ನಡೆಸುವುದನ್ನು ಕಲಿಯುತ್ತಿದ್ದೇನೆ ಎಂದು ತಮಾಷೆ ಮಾಡಿದ. ತನಗೇನೂ ಚಿಂತೆಯಿಲ್ಲ, ಅಪ್ಪನದೇ ಚಿಂತೆ ಎಂದ. ಮೈಲಾರಪ್ಪ ಕಾಕಾ ಭಂಡಾರ ಮುಟ್ಟುವುದು ಬಿಟ್ಟಿದ್ದರು. ಚೀಲ ಗೂಟಕ್ಕೆ ತೂಗುಹಾಕಿದ್ದಾರೆ. ಭಾನುವಾರ ಗುಡಿಗೆ ಹೋಗುವುದಿಲ್ಲ. ಹುಟ್ಟಿದ ಮರಿಗಳಿಗೆ ಹಚ್ಚಲು ಪಕ್ಕದ ಮನೆಯವರನ್ನು ಕರೆಯುತ್ತಾರೆ. ಕೇಳಿದರೆ, "ನನ್ನ ಕೈ ದೇವ್ರು ಒಲ್ಲೆ ಅಂದಾನ," ಎನ್ನುತ್ತಾರೆ. ಎಪ್ಪತ್ತು ವರ್ಷ ಆ ದೇವರ ಜೊತೆಗೇ ಎದ್ದು ಕೂತು ಮಾಡಿದ ಮನುಷ್ಯ.

"ನೀ ಒಮ್ಮಿ ಬಂದು ಹೇಳು ಅಣ್ಣಾ, ಭಂಡಾರದಿಂದ ಏನೂ ಆಗಿಲ್ಲಂತ," ಎಂದ ಬೀರು. "ನಾ ಹೇಳಿದ್ರ ಕೇಳಾಂಗಿಲ್ಲ. ನೀ ಕಲ್ತಾಂವ, ನಿನ್ನ ಮಾತು ಕೇಳ್ತಾನ."

ಬರುತ್ತೇನೆ ಎಂದೆ. ದಸರೆಯ ಸೀಜನ್ ಬಂತು. ದೀಪಾವಳಿ ಬಂತು. ಅಂಗಡಿಯವನಿಗೆ ನೆಪಕ್ಕೆ ಬರವಿಲ್ಲ.

ಕಡೆಗೆ ಹೋದದ್ದು ಮುಂದಿನ ಎಳ್ಳಮಾಸಿ ಕಳೆದ ಮೇಲೆ. ಮಾತಿನಲ್ಲಿ ಹೇಳಿದರೆ ಸಾಲದು, ಕಣ್ಣಿಗೆ ತೋರಿಸಬೇಕು ಎಂದು ನನ್ನ ತಲೆಗೆ ಹೊಕ್ಕಿತ್ತು. ಗಾಡಿಯನ್ನು ಟೆಂಪೋಕ್ಕೆ ಏರಿಸಿಕೊಂಡು ಚಪಳಗಾಂವಕ್ಕೆ ಒಯ್ದೆ. ಮಗನ ಕೈ ತಿಂದ ಗಾಡಿಯನ್ನು ಅವರ ಅಂಗಳದಲ್ಲಿ ಇಳಿಸುವಾಗಲೂ ನನಗೆ ಅದು ತಪ್ಪು ಅನ್ನಿಸಲಿಲ್ಲ. ಪುರಾವೆ ಅನ್ನಿಸಿತು. ಕಾಕಾ ಕಟ್ಟೆಯ ಮೇಲೆ ಕೂತು ಕಂಬಳಿಯ ಅಂಚು ಹೆಣೆಯುತ್ತಿದ್ದರು. ಬರ್ರಿ ಎಂದರು, ಚಹಾಕ್ಕೆ ಹೇಳಿದರು. ಗಾಡಿಯ ಕಡೆ ನೋಡಲಿಲ್ಲ.

ನಿಂತುಕೊಂಡೇ ಹೇಳಿದೆ. "ಕಾಕಾ, ಭಂಡಾರದ್ದು ತಪ್ಪಲ್ಲ. ತಪ್ಪು ನಂದು. ಕ್ಲಚ್ ಹಗರ ಮಾಡಾಕ ಹೋಗಿ ನಾ ಕೆಡಿಸಿದ್ನಿ."

ಗಾಡಿ ಇಳಿಸಲು ಬಂದು ಸ್ಟ್ಯಾಂಡ್ ಹಾಕುತ್ತಿದ್ದ ಬೀರು ಒಂದು ಕ್ಷಣ ನಿಂತ. ಇದು ಅವನಿಗೂ ಹೊಸದು. ಭಂಡಾರ ಕಾರಣವಲ್ಲ ಎಂದು ಅವನಿಗೆ ಗೊತ್ತಿತ್ತು. ಕಾರಣ ನಾನೆಂದು ಗೊತ್ತಿರಲಿಲ್ಲ. ಅವನು ನನ್ನ ಕಡೆ ತಿರುಗಲಿಲ್ಲ, ಟ್ಯಾಂಕಿನ ಮೇಲಿನ ಧೂಳು ಒರೆಸತೊಡಗಿದ.

ಕೇಬಲ್ ಸ್ವಚ್ಛವಾಗಿತ್ತು ಎಂದು ತೋರಿಸಲು ಒಳಗಿನ ತಂತಿಯನ್ನು ಎಳೆದು ಹೊರತೆಗೆದೆ. ಮೇಲ್ತುದಿಯಿಂದ ಒಂದು ಗೇಣಿನವರೆಗೆ ಹಳದಿ ಹಿಡಿದಿತ್ತು. ಕಾಕಾ ಕಂಬಳಿ ಕೆಳಗಿಟ್ಟು ಎದ್ದು ಬಂದರು. ತಂತಿಯನ್ನು ಬೆರಳಲ್ಲಿ ಹಿಡಿದು ನೋಡಿದರು.

"ಇಲ್ಲೈತಲ್ರಿ," ಎಂದರು.

ಬಾಯಿಯ ಹತ್ತಿರ ಅಂಟಿದ ಮಾತ್ರಕ್ಕೆ ಏನೂ ಆಗುವುದಿಲ್ಲ ಎಂದು ನಾನು ಗಡಿಬಿಡಿಯಿಂದ ಹೇಳತೊಡಗಿದೆ. ನನ್ನ ದನಿ ನನಗೇ ಸುಳ್ಳಿನಂತೆ ಕೇಳಿತು. ತಂದಿದ್ದ ಹೊಸ ಕೇಬಲ್ ಅವರ ಎದುರಿಗೇ ಕೂರಿಸಿದೆ, ನಾನು ಉದ್ದ ಮಾಡಿದ ಆರ್ಮನ್ನು ಮಾತ್ರ ಇದ್ದಂತೆಯೇ ಬಿಟ್ಟೆ. ಗಾಡಿ ಚಾಲೂ ಮಾಡಿ, ಕವಚ ಮುಟ್ಟಲಾಗದಷ್ಟು ಕಾಯಿಸಿದೆ. ಗೇರಿಗೆ ಹಾಕಿ ಲಿವರನ್ನು ಹಿಡಿಕೆಗೆ ತಾಗುವವರೆಗೆ ಒತ್ತಿದೆ. ಹಿಂದಿನ ಚಕ್ರ ತಿರುಗಿತು. ಟೈರಿಗೆ ಕಟ್ಟಿಗೆಯ ತುಂಡು ಒತ್ತಿದೆ. ಅದನ್ನು ಕಿತ್ತೊಗೆದು ತಿರುಗಿತು. ಭಂಡಾರದ ಒಂದು ಕಣವೂ ಇಲ್ಲದ ಕೇಬಲ್ಲು, ಪೂರ್ತಿ ಹಿಡಿದ ಕ್ಲಚ್ಚು, ಆದರೂ ತಿರುಗುವ ಚಕ್ರ. ಇದಕ್ಕಿಂತ ದೊಡ್ಡ ಪುರಾವೆ ನನ್ನ ಹತ್ತಿರ ಇರಲಿಲ್ಲ.

ಕಾಕಾ ಚಕ್ರವನ್ನು ನೋಡುತ್ತ ನಿಂತರು. ಆಮೇಲೆ ಬೀರುವಿಗೆ ಹೇಳಿದರು, "ಬಂದ್ ಮಾಡು. ಮರಿ ಅಂಜತಾವ."

ಬೀರು ಬಲಗೈ ಚಾಚಿ ಬಂದ್ ಮಾಡಿದ. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ, ಆ ಭಾರವೊಂದು ಅವರ ಮೇಲಿಂದ ಇಳಿಯಲಿ ಎಂದು ಕಾಯುತ್ತಿದ್ದೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ನೀವು ಕಲ್ತವರು, ಸಾವಕಾರ. ಆವತ್ತ ಭಂಡಾರ ಅಂದ್ರಿ, ಹೌದಂದೆ. ಇವತ್ತ ಇದು ಅಂತೀರಿ, ಇದಕ್ಕೂ ಹೌದಂತೀನಿ. ನನಗೇನ ತಿಳೀತೈತಿ."

ಅಷ್ಟು ಹೇಳಿ ಮರಿಗಳ ಕಡೆ ನಡೆದರು. ಚಹಾ ಬಂತು. ನಾನು ಮತ್ತು ಬೀರು ಕುಡಿದೆವು. ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದು ಅವನು ಕೇಳಲಿಲ್ಲ. ಗಾಡಿ ಇಲ್ಲಿ ಬಿಡಬೇಡ, ಒಯ್ಯಿ ಎಂದ. ಒಬ್ಬನಿಂದ ಏರಿಸಲಾಗದು. ಅವನೇ ಒಂದು ಬದಿಗೆ ಬಲಗೈ ಕೊಟ್ಟು, ಭುಜ ಕೊಟ್ಟು ಟೆಂಪೋಕ್ಕೆ ಏರಿಸಿಕೊಟ್ಟ.

ಅದಾಗಿ ಎರಡು ವರ್ಷವಾಗುತ್ತ ಬಂತು. ಬೀರು ಈಗ ನಮ್ಮ ಟೆಂಪೋ ನಡೆಸುವುದಿಲ್ಲ. ತಿಂಗಳಿಗೊಮ್ಮೆ ನಾನೇ ಫೋನ್ ಮಾಡುತ್ತೇನೆ. ಮೇವಿನ ಮಾತು, ಮಳೆಯ ಮಾತು, ಈ ಸಲ ಎಷ್ಟು ಮರಿ ಹಾಕಿದವು ಎಂಬ ಮಾತು ಆಗುತ್ತದೆ. ಕಾಕಾ ಮತ್ತೆ ಗುಡಿಗೆ ಹೋಗುತ್ತಾರೋ ಇಲ್ಲವೋ ಎಂದು ಅವನು ಹೇಳಿಲ್ಲ, ನಾನು ಕೇಳಿಲ್ಲ. ಅವನು ಮಾತಾಡುವಾಗ ಹಿಂದೆ ಕುರಿಗಳ ಸದ್ದು ಕೇಳುತ್ತದೆ. ನಡುವೆ ಒಮ್ಮೊಮ್ಮೆ ಅವುಗಳನ್ನು ಕರೆಯುವ ಮೈಲಾರಪ್ಪ ಕಾಕಾನ ದನಿಯೂ ಹಾದುಹೋಗುತ್ತದೆ. ಫೋನು ಅವರ ಕೈಗೆ ಕೊಡು ಎಂದು ನಾನು ಇನ್ನೂ ಹೇಳಿಲ್ಲ.